ಪಾತ್ರೆಗೆ ಬಾಡಿಗೆ, ಮಾತು ಪುಕ್ಕಟೆ

ಭದ್ರಾವತಿಯ ಜನ್ನಾಪುರದಲ್ಲಿ ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ನನ್ನ ಅತ್ತೆಯಷ್ಟು ಕೆಟ್ಟ ವ್ಯಾಪಾರಿಯನ್ನು ನೀವು ಕಂಡಿರಲಾರಿರಿ. ಕಂಡಿದ್ದರೆ ಅವಳಿಂದ ಬೈಸಿಕೊಂಡಿರುತ್ತೀರಿ. ಬೈಸಿಕೊಂಡಿದ್ದರೆ ಅವಳ ಮನೆಯಲ್ಲಿ ಕಾಫಿಯನ್ನೂ ಕುಡಿದಿರುತ್ತೀರಿ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತಿದ್ದೇನೆ. ನನಗೂ ಮನೆಯಲ್ಲಿ ನೆಮ್ಮದಿ ಬೇಕಲ್ಲ!

ಬೇರೆ ಅಂಗಡಿಗಳಲ್ಲಿ ಗಿರಾಕಿ ಬಂದರೆ "ಏನು ಬೇಕು?" ಎಂದು ಕೇಳುತ್ತಾರೆ. ಅತ್ತೆ "ಯಾಕೆ ಬೇಕು?" ಎಂದು ಕೇಳುತ್ತಿದ್ದಳು. ಅದೂ ಎಂಥ ದನಿಯಲ್ಲಿ! ಬಸ್‌ಸ್ಟಾಪಿನಲ್ಲಿ ನಿಂತವರೂ ತಮ್ಮನ್ನೇ ಕೇಳಿದರೇನೋ ಎಂದು ತಿರುಗಿ ನೋಡಬೇಕು.

"ನಿಶ್ಚಿತಾರ್ಥ ಇಟ್ಕೊಂಡಿದೀವಿ ಅಮ್ಮ," ಎಂದು ಒಬ್ಬರು ಒಂದು ದಿನ ಬಂದರು.

"ಯಾರ್ದು?"

"ಮಗಳದ್ದು."

"ಏನ್ ಮಾಡ್ತಿದಾಳೆ ಮಗಳು?"

"ಡಿಗ್ರಿ, ಕೊನೇ ವರ್ಷ."

"ಪರೀಕ್ಷೆ ಯಾವಾಗ?"

ಪಾತ್ರೆ ಕೇಳಲು ಬಂದವರು ಪರೀಕ್ಷೆಯ ವೇಳಾಪಟ್ಟಿ ತಂದಿರುತ್ತಾರೆಯೇ? ಆ ಮನುಷ್ಯ ತಲೆ ಕೆರೆದುಕೊಂಡು, "ಅದೇ ವಾರ ಇರ್ಬೇಕು," ಎಂದರು.

"ಹಂಗಾದ್ರೆ ಪರೀಕ್ಷೆ ಮುಗೀಲಿ, ಆಮೇಲೆ ಬನ್ನಿ. ನನ್ನ ಕೊಪ್ಪರಿಗೆ ಎಲ್ಲೂ ಓಡಿಹೋಗಲ್ಲ."

"ಹುಡುಗನ ಕಡೆಯೋರು ಕಾಯಲ್ಲ ಅಂತಾರಮ್ಮ."

"ಈಗ್ಲೇ ಕಾಯದಿರೋರು ಮುಂದೆ ಏನ್ ಕಾಯ್ತಾರೆ ಮಾರಾಯ್ರೆ? ಹೋಗಿ ಹೋಗಿ!"

ಕಥೆಯಾಗಿದ್ದರೆ ಆ ತಂದೆಯ ಕಣ್ಣು ತೆರೆದು, ಮಗಳು ಪರೀಕ್ಷೆ ಬರೆದು, ರ‍್ಯಾಂಕು ಬಂದು, ಅತ್ತೆಗೆ ನಮಸ್ಕಾರ ಮಾಡಬೇಕಿತ್ತು. ಇದು ಜನ್ನಾಪುರ. ಆತ ಸೀದಾ ಹಿಂದಿನ ರಸ್ತೆಯ ಇನ್ನೊಂದು ಪಾತ್ರೆ ಅಂಗಡಿಗೆ ಹೋದರು, ಅದೇ ವಾರ ನಿಶ್ಚಿತಾರ್ಥವೂ ಆಯಿತು. ಅತ್ತೆ ಕರೆಯದಿದ್ದರೂ ಹೋಗಿ, ಹುಡುಗಿಗೆ ಕುಂಕುಮ ಇಟ್ಟು, ಊಟ ಮಾಡಿ, ಅಡುಗೆಯವರಿಗೆ "ಈ ಪಾತ್ರೆಗಳ ತಳ ತೆಳ್ಳಗಿದೆ, ಅದಕ್ಕೇ ಪಾಯಸ ಸೀದಿರೋದು" ಎಂದು ಹೇಳಿ ಬಂದಳು. ವ್ಯಾಪಾರ ಕೈತಪ್ಪಿದರೂ ಊಟ ಕೈತಪ್ಪಲಿಲ್ಲ!

ಇಂಥ ಅಂಗಡಿಗೆ ನಾನು ಮ್ಯಾನೇಜರಾಗಿ ಸೇರಿದ್ದು ಶಿವಮೊಗ್ಗದಲ್ಲಿ ಬಿಬಿಎಂ ಮುಗಿಸಿದ ವರ್ಷ. ಅದು ಊರಿನ ಗೋಡೆಗಳ ಮೇಲೆಲ್ಲ ಕಂಪ್ಯೂಟರ್ ಕೋರ್ಸು, ಸ್ಪೋಕನ್ ಇಂಗ್ಲಿಷ್ ಮತ್ತು ವ್ಯಕ್ತಿತ್ವ ವಿಕಸನ ಕಾಣಿಸಿಕೊಳ್ಳುತ್ತಿದ್ದ ಕಾಲ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಮಾರುಕಟ್ಟೆ ಎಂದರೇನು, ಗ್ರಾಹಕ ಎಂದರೇನು, ನಾಯಕತ್ವದ ಲಕ್ಷಣಗಳು ಯಾವುವು ಎಂದು ಕೇಳಿದರೆ ಪುಟಗಟ್ಟಲೆ ಬರೆಯಬಲ್ಲವಳಾಗಿದ್ದೆ. ಬರೆಯಬಲ್ಲವಳು, ಅಷ್ಟೇ. ಬಾಯಿಬಿಟ್ಟು ಹೇಳು ಎಂದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು.

ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂದರ್ಶನಕ್ಕೆ ಕರೆದಿದ್ದರು. ಮೇಜಿನ ಆಚೆ ಕುಳಿತ ಇಬ್ಬರಲ್ಲಿ ಹಿರಿಯರು ನಗುತ್ತ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ," ಎಂದರು. ಹೆಸರು ಹೇಳಿದೆ. ಅಪ್ಪನ ಹೆಸರು ಹೇಳಿದೆ. ಅದರ ಆಚೆಗೆ ನನ್ನ ಬಗ್ಗೆ ನನಗೇ ಏನೂ ಗೊತ್ತಿಲ್ಲ ಎನ್ನುವುದು ಆಗ ಗೊತ್ತಾಯಿತು. "ಹವ್ಯಾಸ?" ಎಂದರು. "ಇಲ್ಲ," ಎಂದೆ. "ನೀರು ಕುಡೀರಿ," ಎಂದರು. ಲೋಟ ಪೂರ್ತಿ ಖಾಲಿ ಮಾಡಿ, ಕೈಮುಗಿದು ಹೊರಗೆ ಬಂದೆ. ಆ ಸಂದರ್ಶನದಲ್ಲಿ ನಾನು ಸಮರ್ಪಕವಾಗಿ ಮಾಡಿ ಮುಗಿಸಿದ ಕೆಲಸ ಅದೊಂದೇ.

ಅಪ್ಪ ಯೋಚನೆಗೆ ಬಿದ್ದು ನನ್ನನ್ನು ದುರ್ಗಿಗುಡಿಯ ಮಹಡಿಯೊಂದರ ಮೇಲಿದ್ದ ವ್ಯಕ್ತಿತ್ವ ವಿಕಸನದ ತರಗತಿಗೆ ಸೇರಿಸಿದರು. ಅಲ್ಲಿನ ಮೇಷ್ಟ್ರು ಯಾವಾಗಲೂ ಟೈ ಕಟ್ಟಿಕೊಂಡಿರುತ್ತಿದ್ದರು, ಏಪ್ರಿಲ್ ತಿಂಗಳಲ್ಲೂ! ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಗಟ್ಟಿಯಾಗಿ ಕೈ ಕುಲುಕಬೇಕು, ನಗುಮುಖ ಇಳಿಯಬಾರದು ಎಂದು ಹೇಳಿಕೊಟ್ಟರು. ಮಾತಿನ ವಿಷಯ ಬರುವಷ್ಟರಲ್ಲಿ ಕೋರ್ಸು ಮುಗಿದುಹೋಯಿತು. ನಾನು ಕಣ್ಣು, ಕೈ, ಹಲ್ಲು ವಿಕಸನಗೊಂಡು, ಬಾಯಿ ಮಾತ್ರ ಹಳೆಯದೇ ಉಳಿದುಕೊಂಡು ಮನೆಗೆ ಬಂದೆ.

ಆ ಭಾನುವಾರ ಅತ್ತೆ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಸಂಕಟ ತೋಡಿಕೊಂಡರು. "ಎಲ್ಲಾ ಓದಿದಾಳಕ್ಕ, ಮಾತೇ ಬರಲ್ಲ."

"ನನ್ನ ಅಂಗಡಿಗೆ ಕಳ್ಸು. ಮ್ಯಾನೇಜರ್ ಮಾಡ್ಕೋತೀನಿ."

"ಮಾತು ಬರದೇ ಇರೋ ಮ್ಯಾನೇಜರ್ ಹೆಂಗಾಗುತ್ತೆ?"

"ಒಳ್ಳೇದೇ ಆಯ್ತು ಬಿಡೋ. ಮಾತಾಡೋಕೆ ನಾನಿಲ್ವಾ?"

ಹೀಗೆ ನನ್ನ ಉದ್ಯೋಗಪರ್ವ ಆರಂಭವಾಯಿತು. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಭದ್ರಾವತಿಯ ಬಸ್ಸು ಹತ್ತುವುದು, ಮಾಚೇನಹಳ್ಳಿ ಬಂದಾಗ ಆ ಕಾರ್ಖಾನೆಯ ಗೇಟು ಕಾಣದಂತೆ ಮುಖ ತಿರುಗಿಸಿಕೊಳ್ಳುವುದು, ಜನ್ನಾಪುರದಲ್ಲಿ ಇಳಿಯುವುದು. ಅಂಗಡಿ ಎಂದರೆ ಅತ್ತೆಯ ಮನೆಯ ಮುಂದಿನ ತಗಡಿನ ಶೆಡ್ಡು. ಹಂಡೆ, ಕೊಪ್ಪರಿಗೆ, ತಪ್ಪಲೆ, ನನ್ನ ಕೈಯುದ್ದದ ಸೌಟುಗಳು, ಗೋಪುರದಂತೆ ಪೇರಿಸಿದ ತಟ್ಟೆಗಳು. ದೊಡ್ಡ ಪಾತ್ರೆಗಳಿಗೆಲ್ಲ ಅತ್ತೆ ಹೆಸರಿಟ್ಟಿದ್ದಳು. ಎಲ್ಲಕ್ಕಿಂತ ದೊಡ್ಡ ಹೊಟ್ಟೆಯ ಕೊಪ್ಪರಿಗೆ "ಇನ್‌ಸ್ಪೆಕ್ಟ್ರು." ಎಷ್ಟು ತಿಕ್ಕಿದರೂ ಕಪ್ಪು ಬಿಡದ ಹಂಡೆ "ನಾದಿನಿ." ಆ ನಾದಿನಿ ಯಾರೆಂದು ನಾನು ಹೇಳುವುದಿಲ್ಲ. ಆಕೆ ಇಂದಿಗೂ ಇದ್ದಾರೆ, ಓದುಬರಹವನ್ನೂ ಬಲ್ಲರು.

ಮಾವ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಯಂತ್ರಗಳ ಸದ್ದಿಗೆ ಅವರ ಕಿವಿ ಮುಕ್ಕಾಲುಪಾಲು ಹೋಗಿತ್ತು. ಅತ್ತೆಗೆ ಅಂಥ ನಾಲಗೆ, ಮಾವನಿಗೆ ಅಂಥ ಕಿವಿ. ಜಾತಕ ಕೂಡಿಸಿದ ಜೋಯಿಸರು ಸಾಮಾನ್ಯರಲ್ಲ!

ಮ್ಯಾನೇಜರಾದ ಮೇಲೆ ಸುಧಾರಣೆ ಮಾಡಬೇಡವೆ? ಮೊದಲ ವಾರವೇ "ಗ್ರಾಹಕರೇ ದೇವರು" ಎಂದು ಒಂದು ಬೋರ್ಡು ಬರೆಸಿ ತಂದೆ. ಅತ್ತೆ ಅದನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ಓದಿದಳು.

"ದೇವ್ರಾದ್ರೆ ಸುಮ್ನೆ ಕೂತು ಪೂಜೆ ಮಾಡಿಸ್ಕೊಳ್ಲಿ. ಚೌಕಾಸಿ ಯಾಕೆ ಮಾಡ್ತಾನೆ? ತಪ್ಪಲೆ ತಳ ಯಾಕೆ ಸೀಯಿಸ್ಕೊಂಡು ಬರ್ತಾನೆ?"

ಬೋರ್ಡು ಗೋಡೆ ಏರಲಿಲ್ಲ, ಆದರೆ ವ್ಯರ್ಥವೂ ಆಗಲಿಲ್ಲ. ತೊಳೆದ ಲೋಟಗಳನ್ನು ಬೋರಲು ಹಾಕಲು ಅದು ಬಹಳ ಅನುಕೂಲವಾಯಿತು.

ಆಮೇಲೆ ಕಣ್ಣಲ್ಲಿ ಕಣ್ಣಿಡುವ ಪ್ರಯೋಗ. ಎಲೆಅಡಿಕೆ ಜಗಿಯುತ್ತ ಬಂದ ಹಿರಿಯರೊಬ್ಬರು ಅತ್ತೆಯ ಜೊತೆ ಮಾತಾಡುತ್ತಿದ್ದಷ್ಟು ಹೊತ್ತೂ ನಾನು ಮೇಷ್ಟ್ರು ಹೇಳಿದಂತೆ ಅವರ ಕಣ್ಣುಗಳನ್ನೇ ನಗುಮುಖದಿಂದ ನೋಡುತ್ತ ಕುಳಿತೆ. ಅವರು ಮೊದಲು ಮೀಸೆ ಒರೆಸಿಕೊಂಡರು. ಆಮೇಲೆ ಅಂಗಿಯ ಗುಂಡಿ ನೋಡಿಕೊಂಡರು. ಕಡೆಗೆ ತಡೆಯಲಾರದೆ, "ಯಾಕಮ್ಮ ಹಂಗ್ ನೋಡ್ತೀಯ? ನನ್ ಮುಖಕ್ಕೇನಾದ್ರೂ ಅಂಟಿದ್ಯಾ?" ಎಂದರು.

ಅವರು ಹೋದ ಮೇಲೆ ಅತ್ತೆ, "ಲೇ, ತ್ಯಾವರೆಕೊಪ್ಪದ ಸಫಾರೀಲಿ ಹುಲಿಗೆ ಮಾಂಸ ಹಾಕೋನೂ ಅದರ ಕಣ್ಣನ್ನ ಹಂಗೆ ನೋಡ್ತಾ ನಿಲ್ಲಲ್ಲ ಕಣೇ," ಎಂದಳು.

ಕೈ ಕುಲುಕಿದ ಕಥೆ ಇದಕ್ಕಿಂತ ದೊಡ್ಡದು. ಒಬ್ಬ ಪುರೋಹಿತರು ತಮ್ಮ ಮೊಮ್ಮಗನ ಉಪನಯನಕ್ಕೆ ಪಾತ್ರೆ ನೋಡಲು ಬಂದರು. ಎಲ್ಲಿಗೋ ಪೂಜೆಗೆ ಹೊರಟವರು, ಮಡಿಪಂಚೆಯಲ್ಲೇ ಇದ್ದರು. ಅತ್ತೆ ಒಳಗಿದ್ದಳು. ನಾನೊಬ್ಬಳೇ! ನನ್ನೊಳಗಿನ ವ್ಯಕ್ತಿತ್ವ ಎದ್ದು ನಿಂತಿತು. ನಗುತ್ತ ಮುಂದೆ ಹೋಗಿ, ಅವರ ಕಣ್ಣಲ್ಲಿ ಕಣ್ಣಿಟ್ಟು, ಗಟ್ಟಿಯಾಗಿ ಕೈ ಚಾಚಿದೆ. ಅವರು "ಅಯ್ಯಯ್ಯೋ ಮುಟ್ಬೇಡಮ್ಮಾ!" ಎನ್ನುತ್ತ ಹಿಂದಕ್ಕೆ ಹಾರಿದರು. ಹಿಂದೆ ಇದ್ದದ್ದು ತಟ್ಟೆಗಳ ಗೋಪುರ. ಆ ಗೋಪುರ ಲೋಟಗಳ ಮೇಲೆ, ಲೋಟಗಳು ಸೌಟುಗಳ ಮೇಲೆ, ಎಲ್ಲವೂ ಸೇರಿ ಇನ್‌ಸ್ಪೆಕ್ಟರ ಮೇಲೆ! ರಸ್ತೆಯಲ್ಲಿ ಹೋಗುತ್ತಿದ್ದ ಎತ್ತಿನಗಾಡಿ ನಿಂತುಬಿಟ್ಟಿತು. ಕೊನೆಯ ತಟ್ಟೆ ಗಿರ್ರನೆ ತಿರುಗಿ ತಣ್ಣಗಾದ ಮೇಲೆ, ಒಳಗಿನಿಂದ ಮಾವ ಪತ್ರಿಕೆ ಹಿಡಿದುಕೊಂಡು ನಿಧಾನವಾಗಿ ಬಂದರು.

"ಯಾರಾದ್ರೂ ಕರೆದ್ರಾ?" ಎಂದು ಕೇಳಿದರು.

ನಾನು ಮಾತು ಕಲಿಯುವ ಆಸೆಯನ್ನು ಅಂದಿಗೆ ಕೈಬಿಟ್ಟು, ತಟ್ಟೆ ಜೋಡಿಸುವುದರಲ್ಲಿ ಪರಿಣತಿ ಸಾಧಿಸಲು ತೀರ್ಮಾನಿಸಿದೆ. ಅತ್ತೆ ಮಾತ್ರ ಎಂದಿನಂತೆ ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡುತ್ತಿದ್ದಳು. ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಲೈನ್ ಮನೆಗಳಿಂದ ತಮಿಳಿನವರು ಬಂದರೆ "ವಾಂಗ ವಾಂಗ, ಕೂತ್ಕೊಳ್ಳಿ, ಎಷ್ಟು ಪೇರು ಊಟಕ್ಕೆ?" ಎಂದು ತಾನೇ ಕಟ್ಟಿದ ಭಾಷೆಯಲ್ಲಿ ಸ್ವಾಗತ. ತೆಲುಗಿನವರಿಗೂ ಅದೇ ಭಾಷೆ, ಸ್ವಲ್ಪ ಎಳೆದು. ಪಾತ್ರೆ ಹೋದ ಸಮಾರಂಭಕ್ಕೆಲ್ಲ ಅವಳೂ ಹೋಗುತ್ತಿದ್ದಳು. "ಪಾತ್ರೆ ಹೆಂಗಿವೆ ನೋಡ್ಕೊಂಡ್ ಬರ್ತೀನಿ," ಎಂದು ಹೊರಟವಳು ಬೀಗರ ಜಗಳ ಬಿಡಿಸಿ, ಮುನಿಸಿಕೊಂಡು ಕೂತ ಚಿಕ್ಕಪ್ಪನನ್ನು ಊಟಕ್ಕೆ ಎಬ್ಬಿಸಿ, ಕೆಲವೊಮ್ಮೆ ಇಲ್ಲದ ಜಗಳವನ್ನು ಹೊಸದಾಗಿ ಹುಟ್ಟಿಸಿಯೂ ಬರುತ್ತಿದ್ದಳು. ಪಾತ್ರೆ ಬಾಡಿಗೆ ತಗೊಂಡರೆ ಅತ್ತೆ ಫ್ರೀ ಎಂದು ಜನ ಆಡಿಕೊಳ್ಳುತ್ತಿದ್ದರು. ಇಂಥ ಯೋಜನೆಯನ್ನು ನಮ್ಮ ಪಠ್ಯಪುಸ್ತಕ ಬರೆದವರೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ನಿಜವಾದ ಕಷ್ಟ ಬಂತು. ಊರಿಗೆ ಹೊಸ ಕಲ್ಯಾಣ ಮಂಟಪವೊಂದು ಬಂದಿತ್ತು. ಅಲ್ಲಿ ಪಾತ್ರೆಗಳೂ ಅವರವೇ, ಅಡುಗೆಯವರೂ ಅವರವರೇ. ಜನ ಮನೆ ಮುಂದೆ ಚಪ್ಪರ ಹಾಕುವುದು ಬಿಟ್ಟು ಅತ್ತ ನಡೆದರು. ನಮ್ಮ ಶೆಡ್ಡಿನಲ್ಲಿ ಇನ್‌ಸ್ಪೆಕ್ಟರೂ ನಾದಿನಿಯೂ ವಾರಗಟ್ಟಲೆ ಎದುರುಬದುರು ಕೂತಿರುತ್ತಿದ್ದರು.

ನನಗೆ ಹೊಳೆಯಿತು: ಮಂಟಪಕ್ಕೇ ನಾವು ಪಾತ್ರೆ ಒದಗಿಸಿದರೆ? ದೊಡ್ಡ ಮದುವೆಗಳಿಗೆ ಅವರ ಪಾತ್ರೆಗಳು ಸಾಲುವುದಿಲ್ಲವೆಂದು ಕೇಳಿದ್ದೆ. ಹೇಳಬೇಕಾದ್ದನ್ನೆಲ್ಲ ಉರುಹೊಡೆದೆ. ಅತ್ತೆಯನ್ನು ಕರೆದುಕೊಂಡು ಹೋಗುವ ಮುಂಚೆ ಒಂದು ಷರತ್ತನ್ನೂ ಹಾಕಿದೆ. "ನೀನು ಒಂದು ಮಾತೂ ಆಡ್ಬಾರ್ದು ಅತ್ತೆ. ಇದು ಬಿಸಿನೆಸ್."

"ಆಡಲ್ಲ ಮಾರಾಯ್ತಿ. ನೀನೇ ಆಡು," ಎಂದು ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

ಮಂಟಪದ ಮ್ಯಾನೇಜರು ದಾವಣಗೆರೆ ಕಡೆಯ ಒಬ್ಬ ತೆಳ್ಳನೆಯ ಯುವಕ. (ನೀವು ಏನು ಊಹಿಸುತ್ತಿದ್ದೀರೋ ಅದು ತಪ್ಪು. ಅವನಿಗೆ ಮದುವೆಯಾಗಿತ್ತು.) ನಾನು "ನಮಸ್ಕಾರ" ಎಂದೆ. ಅವನು "ಹೇಳಿ" ಎಂದ. ನಾನು ಮುಂದಿನದನ್ನು ನೆನಪಿಸಿಕೊಳ್ಳುತ್ತಿದ್ದಾಗ ಅವನು ಹೊಟ್ಟೆ ಒತ್ತಿಕೊಂಡು ಸಣ್ಣಗೆ ಮುಖ ಕಿವಿಚಿದ. ಅಷ್ಟೇ! ಸೆರಗು ಬಾಯಿಂದ ಜಾರಿತು.

"ಹೊಟ್ಟೆ ಉರೀನಾ? ಹೋಟ್ಲಲ್ಲಿ ತಿಂತೀರಾ? ಹೆಂಡ್ತಿ ಎಲ್ಲಿ?"

ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅಲ್ಲಿಂದ ಮುಂದೆ ಮಜ್ಜಿಗೆ, ಮೆಂತ್ಯ, ಬಸುರಿಯ ಆರೈಕೆ, ಹುಟ್ಟುವ ಮಗುವಿನ ಹೆಸರು. ನಾನು ಉರುಹೊಡೆದದ್ದೆಲ್ಲ ನನ್ನೊಳಗೇ ಉಳಿಯಿತು. ಏಳುವಾಗ ಅವನು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಅಂದಿನಿಂದ ಭಾನುವಾರ ನಮ್ಮಲ್ಲಿಗೇ ಊಟಕ್ಕೆ ಬರತೊಡಗಿದ. ಪಾತ್ರೆಯ ಮಾತು? ಅದನ್ನು ಅವನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. "ಮನೆಗೆ ಊಟಕ್ಕೆ ಬರೋ ಹುಡುಗನ ಹತ್ರ ವ್ಯಾಪಾರ ಮಾತಾಡ್ತಾರೇನೇ? ನಾಚಿಕೆ ಆಗಲ್ವಾ?" ಎಂದು ನನ್ನನ್ನೇ ಬೈದಳು. ಮಾನವ ಸಂಬಂಧ ದಿನೇದಿನೇ ಬೆಳೆಯಿತು. ವ್ಯಾಪಾರ ಇದ್ದಲ್ಲೇ ಇತ್ತು.

ಆ ಮಳೆಗಾಲದ ಹೊತ್ತಿಗೆ ಅತ್ತೆಯ ದನಿ ಒಡೆಯತೊಡಗಿತು. ಮೊದಲು ನೆಗಡಿ ಅಂದುಕೊಂಡೆವು. ಶುಂಠಿ ಆಯಿತು, ಮೆಣಸು ಆಯಿತು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದ್ದಾಯಿತು. ದನಿ ಮಾತ್ರ ಹರಿದ ತಮಟೆಯಂತೆ ಆಗುತ್ತ ಹೋಯಿತು. ಶಿವಮೊಗ್ಗದ ಗಂಟಲು ಡಾಕ್ಟರಿಗೆ ತೋರಿಸಿದೆವು. ಅವರು ಗಂಟಲಿಗೆ ಕನ್ನಡಿ ಇಳಿಬಿಟ್ಟು ನೋಡಿ, "ಸದ್ಯಕ್ಕೆ ಕೆಲವು ವಾರ ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು. ಆಮೇಲೆ ನೋಡೋಣ," ಎಂದರು.

ಅತ್ತೆ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ಮಾವ, "ಡಾಕ್ಟ್ರು ಏನಂದ್ರು?" ಎಂದು ಎಲ್ಲರನ್ನೂ ಕೇಳಿದರು. ಯಾವಾಗಲೂ ಅದನ್ನೆಲ್ಲ ಅವರಿಗೆ ಕೂಗಿ ಹೇಳುತ್ತಿದ್ದವಳು ಅತ್ತೆಯೇ.

ಮಾವ ಮಾರನೇ ದಿನವೇ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದುಕೊಟ್ಟರು. ಅತ್ತೆ ಸ್ಲೇಟಿನ ಮೇಲೂ ಜೋರಾಗಿಯೇ ಮಾತಾಡುತ್ತಾಳೆಂದು ಆಗ ತಿಳಿಯಿತು. ಒಂದೊಂದು ಅಕ್ಷರ ಒಂದೊಂದು ಇಡ್ಲಿಯಷ್ಟು! ಸಿಟ್ಟು ಬಂದರೆ ಬಳಪ ಮುರಿಯುತ್ತಿತ್ತು. ಡಬ್ಬಿ ಎಷ್ಟು ಬೇಗ ಖಾಲಿಯಾಯಿತು ಎಂಬುದರಿಂದ ಆ ವಾರದ ಗಿರಾಕಿಗಳು ಎಂಥವರೆಂದು ಲೆಕ್ಕ ಹಾಕಬಹುದಿತ್ತು.

ಸ್ಲೇಟು ಓದಿ ಗಿರಾಕಿಗೆ ಹೇಳುವ ಕೆಲಸ ನನ್ನದಾಯಿತು. ಬೇರೆ ದಾರಿಯೇ ಇರಲಿಲ್ಲ. ಒಬ್ಬರು ಬಂದು ಬಾಡಿಗೆಯ ವಿಷಯದಲ್ಲಿ ಎಳೆದಾಡತೊಡಗಿದರು. ಅತ್ತೆ ಟಕಟಕನೆ ಬರೆದು ಸ್ಲೇಟನ್ನು ನನ್ನತ್ತ ಹಿಡಿದಳು: "ಈ ಜಿಪುಣನಿಗೆ ಒಂದು ಸೌಟೂ ಕೊಡಬೇಡ." ಗಿರಾಕಿ ನನ್ನ ಬಾಯನ್ನೇ ನೋಡುತ್ತಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ನಾಲಗೆ ತಾನಾಗಿ ಹೊರಳಿತು.

"ನೀವು ಯಾವಾಗ್ಲೂ ಬರೋರಲ್ವಾ, ನಿಮಗೆ ಕಮ್ಮಿ ಮಾಡಿಕೊಡೋಣ ಅಂತಿದಾರೆ ಅತ್ತೆ. ಕೂತ್ಕೊಳ್ಳಿ."

ಆತ ಶಾಂತವಾಗಿ ಕುರ್ಚಿ ಎಳೆದುಕೊಂಡು ಕೂತು, "ಕನ್ನಡ ನನಗೂ ಓದೋಕೆ ಬರುತ್ತಮ್ಮ," ಎಂದರು. ಸ್ಲೇಟಿನಲ್ಲಿ ಇಡ್ಲಿಯಷ್ಟು ದೊಡ್ಡ ಅಕ್ಷರ ಇತ್ತಲ್ಲ, ನನಗೆ ಕಂಡದ್ದು ಅವರಿಗೂ ಕಂಡಿತ್ತು! ಆಮೇಲೆ ಆತನೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ನಾನೂ ನಕ್ಕೆ. ಆತ ಪಾತ್ರೆ ತೆಗೆದುಕೊಂಡೇ ಹೋದರು, ಕಮ್ಮಿ ಬಾಡಿಗೆಗೆ! ನನ್ನ ಮೊದಲ ಯಶಸ್ವಿ ವ್ಯವಹಾರದಲ್ಲಿ ಅಂಗಡಿಗೆ ಆದದ್ದು ನಷ್ಟ.

ಇನ್ನೊಂದು ದಿನ ಒಬ್ಬರು ಮಗಳನ್ನೂ ಕರೆದುಕೊಂಡು ಬಂದರು. ಮಗಳ ಮದುವೆ, ಮನೆ ಮುಂದೆಯೇ ಚಪ್ಪರ, ಪಾತ್ರೆ ಬೇಕು. ಹುಡುಗಿ ನನ್ನ ಕಾಲೇಜಿನಲ್ಲೇ ಒಂದು ವರ್ಷ ಹಿಂದಿದ್ದವಳು. ಅಪ್ಪ ಮಾತಾಡುತ್ತಿದ್ದರೆ ಅವಳು ತಲೆ ತಗ್ಗಿಸಿ ಲೋಟಗಳನ್ನು ನೋಡುತ್ತ ನಿಂತಿದ್ದಳು. ಅತ್ತೆ ಸ್ಲೇಟಿನ ಮೇಲೆ ಬರೆದು ನನ್ನ ಮುಂದೆ ಹಿಡಿದಳು: "ಹುಡುಗಿಗೆ ಒಪ್ಪಿಗೆ ಇದೆಯಾ, ಕೇಳು."

ಅಪ್ಪನ ಎದುರಿಗೇ ಮಗಳನ್ನು ಅದನ್ನು ಕೇಳುವುದೆಂದರೇನು? ನಾನು ಆಗುವುದಿಲ್ಲವೆಂದು ತಲೆಯಾಡಿಸಿದೆ. ಅತ್ತೆ ಸ್ಲೇಟನ್ನು ಇನ್ನೂ ಹತ್ತಿರ ತಂದಳು. ನನಗೆ ಮಾಚೇನಹಳ್ಳಿಯ ಆ ಸಂದರ್ಶನದ ಕೋಣೆ ನೆನಪಾಯಿತು. ಆದರೂ ಹುಡುಗಿಯ ಪಕ್ಕಕ್ಕೆ ಹೋಗಿ ನಿಂತೆ.

"ನಿಂಗೆ... ಈ ಮದುವೆಗೆ ಒಪ್ಪಿಗೆ ಇದ್ಯಾ?"

ಅಪ್ಪನ ಮುಖ ಕೆಂಪಾಯಿತು. ಹುಡುಗಿ ತಲೆಯೆತ್ತಿದಳು. ಕಣ್ಣಲ್ಲಿ ನೀರು ತುಂಬಿತು. ಆಯಿತು, ನಮ್ಮಿಂದ ಒಂದು ಮದುವೆ ಮುರಿಯಿತು ಎಂದುಕೊಂಡೆ.

"ಹುಡುಗ ಒಪ್ಪಿಗೇನೇ ಅಕ್ಕಾ," ಎಂದಳು ಹುಡುಗಿ. "ಆದ್ರೆ ಅಪ್ಪ ಇಡೀ ಊರನ್ನೇ ಕರೆದಿದಾರೆ. ನಮ್ಮನೇಲಿ ಒಂದೇ ಬಚ್ಚಲು!"

ಮುಂದಿನ ಒಂದು ಗಂಟೆ ಹೇಗೆ ಹೋಯಿತೋ ತಿಳಿಯದು. ಪಕ್ಕದ ಮನೆಯವರನ್ನು ಕೇಳಿದ್ದೀರಾ, ಊಟಕ್ಕೆ ಪಂಕ್ತಿ ಎಲ್ಲಿ ಹಾಕುತ್ತೀರಿ, ಮಳೆ ಬಂದರೆ ಒಲೆ ಎಲ್ಲಿ, ದೂರದ ನೆಂಟರು ಎಲ್ಲಿ ಮಲಗುತ್ತಾರೆ, ಹುಡುಗಿ ಸೀರೆ ಎಲ್ಲಿ ಬದಲಾಯಿಸುತ್ತಾಳೆ. ಕೇಳುತ್ತ ಹೋದೆ, ಹೇಳುತ್ತ ಹೋದೆ. ಅಪ್ಪ ಮಗಳು ನನ್ನ ಮುಂದೆಯೇ ಜಗಳವಾಡಿ, ನನ್ನ ಮುಂದೆಯೇ ರಾಜಿಯಾದರು. ಅವರನ್ನು ಕಳಿಸಿ ಕೂತ ಮೇಲೆ ಬಾಯಿ ಒಣಗಿದ್ದು ಗೊತ್ತಾಯಿತು. ಅಷ್ಟು ಹೊತ್ತು ಮಾತಾಡಿದವಳು ನಾನೇ! ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೆನೋ, ನಗುಮುಖ ಇತ್ತೋ, ಒಂದೂ ನೆನಪಿಲ್ಲ. ಅವಳ ಬಚ್ಚಲಿನ ಚಿಂತೆಯೇ ನನ್ನ ತಲೆಯಲ್ಲಿ ತುಂಬಿಕೊಂಡಿತ್ತು, ಅಷ್ಟೇ. ಅತ್ತೆ ಸ್ಲೇಟಿನ ಮೇಲೆ "ವಾಚಾಳಿ" ಎಂದು ಬರೆದು ನನ್ನತ್ತ ತಿರುಗಿಸಿದಳು. ನನ್ನ ಪದವಿ ಪ್ರಮಾಣಪತ್ರಕ್ಕಿಂತ ನನಗೆ ಅದು ಹಿಡಿಸಿತು.

ಆದರೆ ಅತ್ತೆಯ ಗಂಟಲು ಸುಮ್ಮನಿದ್ದರೂ ಸರಿಹೋಗಲಿಲ್ಲ. ಡಾಕ್ಟರು ಮತ್ತೆ ನೋಡಿ, ಒಂದು ಸಣ್ಣ ಗಂಟಿದೆ, ಆಪರೇಷನ್ ಮಾಡಿ ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೂ ಕಳಿಸಬೇಕು ಎಂದರು. ಪರೀಕ್ಷೆ ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಆ ರೋಗದ ಹೆಸರನ್ನು ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತೆ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಸ್ಲೇಟು ಅವಳ ತೊಡೆಯ ಮೇಲೆ ಖಾಲಿಯಾಗಿತ್ತು.

ಆಸ್ಪತ್ರೆಗೆ ಸೇರಿಸಿದ ದಿನ ಶಿವಮೊಗ್ಗದ ಆ ಸಣ್ಣ ನರ್ಸಿಂಗ್ ಹೋಮಿನ ಮುಂದೆ ಜನ್ನಾಪುರವೇ ನೆರೆದಿತ್ತು. ಅಡುಗೆ ಭಟ್ಟರು, ಬೈಸಿಕೊಂಡವರು, ಬೈಸಿಕೊಳ್ಳಲಿರುವವರು, ಲೈನ್ ಮನೆಯ ತಮಿಳು ಹೆಂಗಸರು. ನರ್ಸು ಗಾಬರಿಯಾಗಿ, "ಪೇಷಂಟು ಏನ್ ಪಾಲಿಟಿಕ್ಸಲ್ಲಿದಾರಾ?" ಎಂದು ನನ್ನನ್ನು ಕೇಳಿದರು. ಎಲ್ಲರೂ ಹೇಗಿದ್ದಾಳೆ, ಏನಂದರು, ಯಾವಾಗ ಬಿಡುತ್ತಾರೆ ಎಂದು ನನ್ನನ್ನು ಮುತ್ತಿಕೊಂಡರು. ಒಬ್ಬೊಬ್ಬರಿಗೂ ಉತ್ತರ ಹೇಳಿದೆ, ಧೈರ್ಯ ಹೇಳಿದೆ, ಮಾವನಿಗೆ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ನನಗೇ ಇಲ್ಲದ ಧೈರ್ಯವನ್ನು ಅಷ್ಟೊಂದು ಜನಕ್ಕೆ ಎಲ್ಲಿಂದ ತಂದು ಹಂಚಿದೆನೋ!

ಮುಂದೇನಾಯಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಸತಾಯಿಸುವುದಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಗಂಟು ಕೆಟ್ಟದ್ದಲ್ಲವೆಂದು ಪರೀಕ್ಷೆಯಲ್ಲಿ ಬಂತು. ದನಿ ಮರಳಿತು, ಆದರೆ ಮೊದಲಿನ ಕಾಲುಭಾಗ. ಪಾತ್ರೆ ಅಂಗಡಿ ಇನ್ನೂ ಕೆಲವು ವರ್ಷ ಕುಂಟುತ್ತ ನಡೆದು, ಕಡೆಗೆ ನಿಂತಿತು. ನಾನು ಶಿವಮೊಗ್ಗದ ಒಂದು ಔಷಧ ಮಾರಾಟದ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಊರೂರು ತಿರುಗಿ ಮಾತಾಡಿಯೇ ಸಂಬಳ ಪಡೆದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ವ್ಯಾಪಾರದ ಗುಟ್ಟು ಏನೆಂದು ಹೊಸಬರು ಕೇಳಿದರೆ ಏನೋ ಒಂದು ಹೇಳುತ್ತೇನೆ. ಸತ್ಯವಾಗಿ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಅತ್ತೆಗಂತೂ ಗೊತ್ತೇ ಇರಲಿಲ್ಲ.

ಆದರೆ ನಾನು ಹೇಳಹೊರಟದ್ದು ಡಾಕ್ಟರು ಅತ್ತೆಗೆ ಮಾತಾಡಲು ಅಪ್ಪಣೆ ಕೊಟ್ಟ ಬೆಳಿಗ್ಗೆಯ ವಿಷಯ. ಪರೀಕ್ಷೆಯ ಫಲಿತಾಂಶ ಹಿಂದಿನ ದಿನವಷ್ಟೇ ಬಂದಿತ್ತು. ಅತ್ತೆ ಮೊದಲು ಯಾರನ್ನು ಬೈಯುತ್ತಾಳೆಂದು ಹೊರಗೆ ವರಾಂಡದಲ್ಲಿ ಪಂದ್ಯ ನಡೆದಿತ್ತು. ಅಪ್ಪನನ್ನು ಎಂದು ಕೆಲವರು, ನರ್ಸನ್ನು ಎಂದು ಕೆಲವರು. ಡಾಕ್ಟರು, "ಒಬ್ಬೊಬ್ಬರೇ ಹೋಗಿ, ಮೊದಲು ಒಬ್ಬರು ಸಾಕು," ಎಂದರು. ಎಲ್ಲರೂ ನನ್ನನ್ನು ಒಳಗೆ ತಳ್ಳಿದರು.

ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ಯಾರೋ ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿದ್ದರು. ಮುಖ ಶಾಲೆಯ ಹುಡುಗಿಯದಂತೆ ಸಣ್ಣದಾಗಿ ಕಾಣುತ್ತಿತ್ತು.

"ಮಾತಾಡ್ಬಹುದಂತೆ ಅತ್ತೆ," ಎಂದೆ. "ಹೊರಗೆ ಎಲ್ಲಾ ಕಾಯ್ತಿದಾರೆ. ಯಾರನ್ನ ಕರೀಲಿ?"

ಅವಳು ಯಾರನ್ನೂ ಕರೆಯಬೇಡವೆಂದು ಕೈಯಾಡಿಸಿದಳು. ಹತ್ತಿರ ಬರುವಂತೆ ಸನ್ನೆ ಮಾಡಿದಳು. ನಾನು ಬಗ್ಗಿದೆ. ಅವಳ ತುಟಿ ಅಲುಗಿತು, ಏನೂ ಕೇಳಿಸಲಿಲ್ಲ. ಇನ್ನೂ ಬಗ್ಗಿದೆ.

"ತುಂಬಾ ಹೆದರಿಕೆ ಆಗಿತ್ತು ಕಣೇ," ಎಂದಳು.

ಅಷ್ಟು ಸಣ್ಣ ದನಿ ಅವಳದೆಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನನಗೂ ಅತ್ತೆ," ಎಂದೆ. "ನನಗೂ."

ಅತ್ತೆ ಗೋಡೆಯ ಕಡೆಗೆ ನಿಧಾನವಾಗಿ ಸರಿದು, ಹಾಸಿಗೆಯಲ್ಲಿ ನನಗೆ ಜಾಗ ಮಾಡಿದಳು.